ಹೂಂ ಅನ್ನುವವರೆಗೆ

ಹರ್ಷದಾಗೆ ಸಿಟ್ಟಿನಿಂದ ಪತ್ರ ಬರೆದವರು ಕೂಡ ಆಕೆಯ ಉತ್ತರ ಓದಿದ ಮೇಲೆ, ಮನೆಯಲ್ಲಿ ಎಲ್ಲ ಆರಾಮವೇ ಎಂದು ಕೇಳಿ ತಣ್ಣಗಾಗುತ್ತಿದ್ದರು. ಅಂಥ ಸಮಾಧಾನದ ಹೆಂಗಸು. ಹಗಲೆಲ್ಲ ಮಾದಾಪುರದ ಒಂದು ಕಂಪನಿಯಲ್ಲಿ ಪರದೇಶದವರಿಗಾಗಿ ಪ್ರೋಗ್ರಾಂ ಬರೆಯುವ ನೌಕರಿ. ಸಂಜೆ ಕ್ಯಾಬಿನಲ್ಲಿ ಕೂತು, ಬೇಗಂಪೇಟೆಯ ಟ್ರಾಫಿಕ್ಕಿಗೆ ಅರ್ಧ ಆಯುಷ್ಯ ಒಪ್ಪಿಸಿ, ತಾರ್ನಾಕದ ಮನೆ ಮುಟ್ಟಿ ಚಹಾ ಕುಡಿದರೆ ಎರಡನೆಯ ಪಾಳಿ ಶುರು. ತಾನೇ ಬರೆದು ಊರಿಗೆಲ್ಲ ಪುಕ್ಕಟೆ ಹಂಚಿದ ಒಂದು ಸಣ್ಣ ಪ್ರೋಗ್ರಾಮಿನ ಬಗ್ಗೆ ಬಂದ ದೂರುಗಳಿಗೆ ಒಂದೊಂದಾಗಿ ಉತ್ತರ ಬರೆಯುತ್ತ ಕೂರುವಳು. ಗಚ್ಚಿಬೌಲಿಯಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಬಾಯಿ ಬಿಟ್ಟರೆ ಪ್ಲಾಟು, ಪ್ಯಾಕೇಜು, ವೀಸಾ ಅನ್ನುವವರ ನಡುವೆ, ಪುಕ್ಕಟೆ ದುಡಿದು ಮೇಲೆ ಬೈಸಿಕೊಳ್ಳುವ ಈಕೆಯನ್ನು ಆಫೀಸಿನವರು ಅರೆಹುಚ್ಚಿ ಎಂದುಕೊಂಡಿದ್ದರು. ಅವರಿಗೇನು ಗೊತ್ತು, ಪಾಪ.

ಆ ಪ್ರೋಗ್ರಾಮಿನ ಹೆಸರು ‘ಹೂಂ’. ಅದು ಹುಟ್ಟಿದ್ದು ಯಮುನಾಬಾಯಿಯವರ ಸಲುವಾಗಿ. ಯಮುನಾಬಾಯಿ ಹರ್ಷದಾಳ ಸೋದರತ್ತೆ, ಅಂದರೆ ತಂದೆ ಪ್ರಹ್ಲಾದರಾಯರ ತಂಗಿ. ಮೂಲ ರಾಯಚೂರು ಕಡೆಯ ಮನೆತನ. ನಿಜಾಮರ ರೈಲ್ವೆಯಲ್ಲಿ ಅಜ್ಜನಿಗೆ ನೌಕರಿ ಸಿಕ್ಕು ಸಿಕಂದರಾಬಾದಿಗೆ ಬಂದವರು ಇಲ್ಲಿಯವರೇ ಆಗಿ ಉಳಿದರು. ಹೊರಗೆ ತೆಲುಗು, ಹಿಂದಿ. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಯಮುನಾಬಾಯಿ ಒಂದು ಕನ್ನಡ ಶಾಲೆಯಲ್ಲಿ ನೌಕರಿ ಮುಗಿಯುವವರೆಗೂ ಪಾಠ ಹೇಳಿದರು. ಮದುವೆ ಆಗಲಿಲ್ಲ, ಆಗಲಿಲ್ಲವೆಂಬ ಕೊರಗೂ ಇರಲಿಲ್ಲ. ತಾಯಿಯಿಲ್ಲದ ಹರ್ಷದಾಳನ್ನು ಬೆಳೆಸಿದ್ದು ಅವರೇ.

ಹುಡುಗಿಗೆ ಕಥೆ ಹೇಳುವಾಗ ಅವರದೊಂದು ಕಟ್ಟುನಿಟ್ಟು ಇತ್ತು. ಪ್ರತಿ ಮಾತಿಗೂ ಕೇಳುವವರು ಹೂಂ ಅನ್ನಬೇಕು. ನಮ್ಮ ಕಡೆ ಕಥೆ ಕೇಳುವ ರೀತಿಯೇ ಅದು, ಹೊಸದೇನಲ್ಲ. ಆದರೆ ಯಮುನಾಬಾಯಿ ಅದನ್ನು ಶಾಲೆಯ ಹಾಜರಿಯ ಹಾಗೆ ನಡೆಸುತ್ತಿದ್ದರು. “ರಾಜಕುಮಾರ ಬಾವಿಗೆ ಇಳದಾ,” ಅನ್ನುವರು. ಹೂಂ ಬರಲಿಲ್ಲವೆಂದರೆ ಹುಡುಗಿಗೆ ನಿದ್ದೆ ಹತ್ತಿತೆಂದು ಹೊದಿಕೆ ಹೊದಿಸಿ ಏಳುವರು. ಮರುದಿನ ರಾಜಕುಮಾರ ಅದೇ ಬಾವಿಯಿಂದ ಮೇಲೆ ಬರುವನು. ಒಂದು ಮಾತೂ ಪೋಲಾಗುತ್ತಿರಲಿಲ್ಲ.

ನಿವೃತ್ತಿಯಾದ ಕೆಲವು ವರ್ಷಕ್ಕೆ ಗ್ಲಾಕೋಮಾ ಬಂದು ಯಮುನಾಬಾಯಿಯವರ ಕಣ್ಣು ಹೋದವು. ಓದದೆ ಅನ್ನ ಇಳಿಯದ ಜೀವ ಅದು. ಹರ್ಷದಾ ಕ್ಯಾಸೆಟ್ಟು ತಂದುಕೊಟ್ಟಳು, ಸಿ.ಡಿ. ತಂದುಕೊಟ್ಟಳು. ಎರಡೂ ರುಚಿಸಲಿಲ್ಲ.

“ಅದಕ್ಕೇನ ಗೊತ್ತವ್ವಾ, ನಾ ಎಚ್ಚರ ಇದ್ದೇನೋ ಇಲ್ಲೋ,” ಎಂದರು ಯಮುನಾಬಾಯಿ. “ತನ್ನಷ್ಟಕ್ಕ ತಾ ಹೇಳಿಕೋತ ಹೋಗ್ತದ. ನಡುವ ಕಣ್ಣ ಹತ್ತಿದ್ರ ಎಲ್ಲಿ ಬಿಟ್ಟೆ ಅಂತ ಯಾರನ್ನ ಕೇಳ್ಲಿ? ಕಥಿ ಹೇಳೋದು ಅಂದ್ರ ಹಂಗಲ್ಲ.”

ಕಥೆ ಹೇಳುವುದೆಂದರೆ ಹೇಗೆ ಎಂಬುದು ಹರ್ಷದಾಗೆ ಗೊತ್ತಿತ್ತು. ಯಾರೋ ಪುಣ್ಯಾತ್ಮರು ಮಾಡಿಟ್ಟಿದ್ದ ಕನ್ನಡ ಓದುವ ಯಂತ್ರದ ದನಿಯನ್ನು ತಂದು, ಅದಕ್ಕೆ ಅತ್ತೆಯ ಶಿಸ್ತು ಕಲಿಸಿದಳು. ಯಂತ್ರ ಒಂದು ವಾಕ್ಯ ಓದಿ ಸುಮ್ಮನಾಗುತ್ತದೆ. ಕೇಳುವವರು ಕೀಬೋರ್ಡಿನ ಉದ್ದನೆಯ ಸ್ಪೇಸ್ ಕೀ ಒತ್ತಿದರೆ ಅದೇ ಹೂಂ. ಮುಂದಿನ ವಾಕ್ಯ ಬರುತ್ತದೆ. ಒತ್ತದಿದ್ದರೆ ಕಾಯುತ್ತದೆ. ಬಹಳ ಹೊತ್ತು ಒತ್ತದಿದ್ದರೆ, ಇವರಿಗೆ ನಿದ್ದೆ ಹತ್ತಿತೆಂದು ಆ ಜಾಗ ನೆನಪಿಟ್ಟುಕೊಂಡು ತಾನೂ ಮಲಗುತ್ತದೆ. ಮರುದಿನ ಅಲ್ಲಿಂದಲೇ ಶುರು. ಬೆರಳಿಟ್ಟು ಗುರುತಿಸಲು ಸುಲಭವೆಂದೇ ಆ ಉದ್ದನೆಯ ಕೀ ಆರಿಸಿದ್ದಳು. ಯಮುನಾಬಾಯಿ ಊಟ ಮುಗಿಸಿ ಮಧ್ಯಾಹ್ನವೆಲ್ಲ ಅದರ ಮುಂದೆ ಕೂರತೊಡಗಿದರು. ಬೆರಳಿನಿಂದ ಒತ್ತುವುದಷ್ಟೇ ಸಾಲದೆ ಬಾಯಿಂದಲೂ ಹೂಂ ಅನ್ನುವರು. ಯಂತ್ರಕ್ಕೆ ಬೇಸರವಾಗಬಾರದಲ್ಲ.

ಹರ್ಷದಾ ಅದನ್ನು ಮುಕ್ತವಾಗಿ ಇಂಟರ್ನೆಟ್ಟಿನಲ್ಲಿಟ್ಟಳು. ಬೇಕಾದವರು ಒಯ್ಯಬಹುದು, ಒಳಗಿನ ಬರಹ ನೋಡಬಹುದು, ತಮಗೆ ಬೇಕಾದಂತೆ ಬದಲಿಸಿ ಬೇರೆಯವರಿಗೆ ಕೊಡಬಹುದು. ಕಣ್ಣು ಮಂಜಾದವರು, ಹಾಸಿಗೆ ಹಿಡಿದವರು, ಒಬ್ಬರಾದ ಮೇಲೊಬ್ಬರು ಒಯ್ದರು. ಯಾದಗಿರಿಯ ಮಲ್ಲಣ್ಣ ಎಂಬ ಟೇಲರು, ಕಣ್ಣು ಹೋದ ಮೇಲೆ ಮಾತೇ ಬಿಟ್ಟಿದ್ದವರು, ಈಗ ಇಡೀ ಮಧ್ಯಾಹ್ನ ಹೂಂ ಅನ್ನುತ್ತಿದ್ದಾರೆಂದು ಅವರ ಮಗಳು ಭಾಗ್ಯಶ್ರೀ ಬರೆದಿದ್ದಳು. ಆ ಪತ್ರವನ್ನು ಹರ್ಷದಾ ಅತ್ತೆಗೆ ಮೂರು ಸಲ ಓದಿ ಹೇಳಿದಳು.

ಆಗಲೇ ಗಚ್ಚಿಬೌಲಿಯಲ್ಲಿ ‘ಜೋಳಿಗೆ’ ಎಂಬ ಗುಂಪೊಂದು ಹುಟ್ಟಿಕೊಂಡಿತ್ತು. ಐಟಿ ಕಂಪನಿಗಳು ಹಳತಾಯಿತೆಂದು ಹೊರಗೆ ಹಾಕುವ ಕಂಪ್ಯೂಟರುಗಳನ್ನು ಶಾಲೆಗಳಿಗೆ, ವಾಚನಾಲಯಗಳಿಗೆ ಕೊಡಿಸಿ, ಮುಕ್ತ ಪ್ರೋಗ್ರಾಮುಗಳ ಒಂದು ದೊಡ್ಡ ಗಂಟನ್ನು ಅವುಗಳಲ್ಲಿ ತುಂಬಿ ಕೊಡುವುದು ಅವರ ಕೆಲಸ. ಒಳ್ಳೆಯ ಕೆಲಸವೇ, ಯಾರೂ ಇಲ್ಲ ಅನ್ನುವುದಿಲ್ಲ. ಹತ್ತು ಕಡೆಯಿಂದ ತಂದ ಪ್ರೋಗ್ರಾಮುಗಳು ಒಂದಕ್ಕೊಂದು ಹೊಂದಬೇಕೆಂದು ಅವರು ಒಂದೊಂದಕ್ಕೂ ಅಲ್ಲಲ್ಲಿ ಪ್ಯಾಚ್, ಅಂದರೆ ತೇಪೆ, ಹಾಕುತ್ತಿದ್ದರು. ಹರಿದಲ್ಲಿ ತೇಪೆ ಹಾಕಿದರೆ ಅಂಗಿ ಇನ್ನೊಂದು ವರ್ಷ ಬಾಳುತ್ತದೆ. ಜೇಬಿನ ಬಾಯಿಯನ್ನೇ ಹರಿದದ್ದೆಂದು ತಿಳಿದು ಹೊಲಿದುಬಿಟ್ಟರೆ? ಜೋಳಿಗೆಯವರು ಹೂಂಗೆ ಮಾಡಿದ್ದು ಅದನ್ನೇ. ಆದರೆ ಅದು ಹರ್ಷದಾಗೆ ಗೊತ್ತಾಗಿದ್ದು ಬಹಳ ತಡವಾಗಿ.

ಗೊತ್ತಾಗುವ ಮೊದಲು ಬಂದದ್ದು ದೂರುಗಳು. ನಿಮ್ಮ ಹೂಂ ಈಗ ಉಸಿರು ಬಿಡದೆ ಓಡುತ್ತದೆ, ಹೂಂ ಅಂದರೆ ಓದುವುದೇ ನಿಲ್ಲುತ್ತದೆ, ಮತ್ತೆ ಒತ್ತಿದರೆ ಕಥೆ ಮೊದಲಿನಿಂದ ಶುರುವಾಗುತ್ತದೆ ಎಂದು ಒಬ್ಬರು. ಏನು ಮಾಡಿಟ್ಟಿದ್ದೀರಿ ಇದನ್ನು ಎಂದು ಇನ್ನೊಬ್ಬರು. ಹರ್ಷದಾ ತನ್ನ ಯಂತ್ರದಲ್ಲಿ ಹಚ್ಚಿ ನೋಡಿದಳು, ಎಲ್ಲ ಸರಿಯಾಗಿತ್ತು. ಆದರೂ ತಪ್ಪು ತನ್ನದೇ ಇರಬೇಕೆಂದು ಬರೆದದ್ದನ್ನೆಲ್ಲ ಮತ್ತೆ ಬಿಚ್ಚಿ ನೋಡಿದಳು. ರಜೆಯ ದಿನಗಳೆಲ್ಲ ಅದಕ್ಕೇ ಹೋದವು. ಕ್ಷಮಿಸಿ, ಹುಡುಕುತ್ತಿದ್ದೇನೆ ಎಂದು ಎಲ್ಲರಿಗೂ ಬರೆದಳು. ಕಡೆಗೆ ಭಾಗ್ಯಶ್ರೀಯ ಪತ್ರ ಬಂತು. ನಮ್ಮೂರ ವಾಚನಾಲಯದವರು ಎರವಲು ಕೊಟ್ಟ ಬೇರೆ ಕಂಪ್ಯೂಟರ್ ಮನೆಗೆ ಬಂದಾಗಿನಿಂದ ಅಪ್ಪ ಹೂಂ ಬೇಡ ಅನ್ನುತ್ತಾರೆ, ಮತ್ತೆ ಸುಮ್ಮನೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ ಎಂದಿತ್ತು. ಅವತ್ತು ಹರ್ಷದಾಗೆ ಊಟ ಸೇರಲಿಲ್ಲ.

ಅದೇ ಸುಮಾರಿಗೆ ಮನೆಯಲ್ಲಿಯೂ ಒಂದು ಬದಲಾವಣೆ. ತಾರ್ನಾಕದ ಕನ್ನಡ ವಾಚನಾಲಯಕ್ಕೆ ಗೆಳತಿ ಗಂಗೂಬಾಯಿಯ ಜೊತೆ ಆಟೋದಲ್ಲಿ ಹೋಗಿಬಂದ ಯಮುನಾಬಾಯಿ, ಮರುದಿನದಿಂದ ಯಂತ್ರದ ಹತ್ತಿರ ಸುಳಿಯಲಿಲ್ಲ. ಒಮ್ಮೆ ತಲೆನೋವು ಅಂದರು, ಒಮ್ಮೆ ಕಿವಿ ಮಂದವಾಗಿವೆ ಅಂದರು. ಹರ್ಷದಾ ದೂರುಗಳ ಗಡಿಬಿಡಿಯಲ್ಲಿ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಒಂದು ಮುಂಜಾನೆ ಆಫೀಸಿಗೆ ಹೊರಟಿದ್ದಾಗ ಬಚ್ಚಲುಮನೆಯಿಂದ ಅತ್ತೆಯ ದನಿ ಕೇಳಿಸಿತು. ಹತ್ತೊಂಬತ್ತರ ಮಗ್ಗಿ ಹೇಳುತ್ತಿದ್ದರು. ಮುಗಿಸಿ, ಮತ್ತೆ ಮೊದಲಿನಿಂದ ಹೇಳಿದರು. ಹರ್ಷದಾ ಚಪ್ಪಲಿ ಬಿಟ್ಟು ಒಳಗೆ ಬಂದಳು. ಅವತ್ತು ಕ್ಯಾಬು ಆಕೆಯನ್ನು ಬಿಟ್ಟು ಹೋಯಿತು.

“ಅತ್ಯಾ, ಏನಾಗೇದ ಹೇಳು,” ಎಂದು ಅವರ ಕೈ ಹಿಡಿದು ಕೂತಳು.

ಯಮುನಾಬಾಯಿ ಮೊದಲು ಜಾರಿಕೊಳ್ಳಲು ನೋಡಿದರು. ಆಮೇಲೆ, “ನಾನೂ ಅಣ್ಣನ ಹಾದಿ ಹಿಡದೇನಿ, ಹರ್ಷೀ,” ಎಂದರು.

ಅಣ್ಣ, ಅಂದರೆ ಹರ್ಷದಾಳ ತಂದೆ ಪ್ರಹ್ಲಾದರಾಯರು, ಕೊನೆಗಾಲದಲ್ಲಿ ಮರೆವಿಗೆ ಸಿಕ್ಕು ಹೋದವರು. ಪೇಪರಿನ ಮೊದಲ ಸುದ್ದಿ ಓದುವರು, ಮುಗಿಸಿ ಮತ್ತೆ ಅದನ್ನೇ ಓದುವರು. ಇದನ್ನು ಆಗಲೇ ಓದಿದೆನೇ ಎಂದು ಗಾಬರಿಯಾಗಿ ಕೇಳಿದರೆ ಯಮುನಾಬಾಯಿ, “ಇಲ್ಲಣ್ಣಾ, ಪೇಪರದಾಂವನ ಇವತ್ತ ಎರಡ ಸಲ ಛಾಪಿಸ್ಯಾನ,” ಎಂದು ಸಮಾಧಾನ ಮಾಡುತ್ತಿದ್ದರು. ಒಂದು ದಿನ ಪ್ರಹ್ಲಾದರಾಯರಿಗೆ ಮಗಳ ಗುರುತೂ ಹತ್ತಲಿಲ್ಲ. ಆ ಹಾದಿ ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

ಆದದ್ದು ಇಷ್ಟು. ವಾಚನಾಲಯಕ್ಕೆ ಹೊಸದಾಗಿ ಬಂದ ಕಂಪ್ಯೂಟರಿನಲ್ಲಿ ಹೂಂ ಇದೆ ಎಂದು ಕೇಳಿ ಯಮುನಾಬಾಯಿ ಹಿಗ್ಗಿದರು. ನಮ್ಮ ಹರ್ಷಿ ಮಾಡಿದ್ದು, ನೋಡ್ರಿ ಎಂದು ಹತ್ತು ಜನರನ್ನು ಸುತ್ತ ಕೂಡಿಸಿಕೊಂಡು ಕೂತರು. ಯಂತ್ರ ಓದತೊಡಗಿತು. ಇವರು ಹೂಂ ಎಂದು ಒತ್ತಿದರು, ನಿಂತಿತು. ಮತ್ತೆ ಒತ್ತಿದರು, ಕಥೆಯ ಮೊದಲ ಮಾತು ಬಂತು. ಮತ್ತೆ ಒತ್ತಿದರು, ನಿಂತಿತು. ಮತ್ತೆ ಮೊದಲ ಮಾತು. ಪಕ್ಕದಲ್ಲಿದ್ದ ಗಂಗೂಬಾಯಿ ಮೆಲ್ಲಗೆ, “ಬಾಯಾರ, ಇದು ಆಗಲೇ ಆತಲ್ರಿ,” ಎಂದಳು.

“ಆಗಲೇ ಅಂದ್ರ ಯಾವಾಗ ಅಂತ ನನಗ ತಿಳೀಲಿಲ್ಲ ನೋಡು,” ಎಂದರು ಯಮುನಾಬಾಯಿ. “ಮುಂದಿಂದು ಕೇಳೇನೋ ಇಲ್ಲೋ, ನನ್ನ ಮ್ಯಾಲೆ ನಾನ ಅನುಮಾನ ಪಡೋಹಂಗಾತು. ನೀ ಮಾಡಿದ್ದು ಎಂದೂ ತಪ್ಪಿಲ್ಲ. ನನ್ನ ತಲೀನ ತಪ್ಪೇದ.”

ಹರ್ಷದಾ ಅವತ್ತು ಆಫೀಸಿಗೆ ಹೋಗಲಿಲ್ಲ. ವಾಚನಾಲಯದ ಬೀಗದ ಕೈ ಇರುವುದು ಮೌನಪ್ಪನ ಹತ್ತಿರ. ಆತ ಬಾಗಿಲು ತೆಗೆದು ಕಂಪ್ಯೂಟರ್ ಹಚ್ಚಿಕೊಟ್ಟ. ಅತ್ತೆ ಹೇಳಿದ್ದೆಲ್ಲ ಅಕ್ಷರಶಃ ನಿಜ. ಕಥೆ ಎಗ್ಗಿಲ್ಲದೆ ಓಡುತ್ತಿತ್ತು, ಹೂಂ ಎಂದರೆ ನಿಲ್ಲುತ್ತಿತ್ತು, ಮತ್ತೆ ಒತ್ತಿದರೆ ಮೊದಲಿನಿಂದ ಶುರುವಾಗುತ್ತಿತ್ತು. ಒಳಗೆ ಹೊಕ್ಕು ನೋಡಿದರೆ ಆಕೆ ಬರೆಯದ ಸಾಲುಗಳು ಕಂಡವು. ಕಾಯುವ ಭಾಗವನ್ನು ಕಿತ್ತುಹಾಕಿ, ಸ್ಪೇಸ್ ಕೀಗೆ ನಿಲ್ಲಿಸುವ ಕೆಲಸ ಕೊಟ್ಟಿದ್ದರು. ಆದರೆ ಪರದೆಯ ಕೆಳಗೆ ಮೊದಲಿನ ಹಾಗೆಯೇ, ರಚನೆ: ಹರ್ಷದಾ, ಎಂದಿತ್ತು. ತಾನು ಮಾಡದ ತಪ್ಪಿಗೆ ಇಷ್ಟು ದಿನ ಕೈಮುಗಿದು ಕ್ಷಮೆ ಕೇಳಿದ್ದಳಲ್ಲ, ಅದು ನೆನಪಾಗಿ ಆಕೆಗೆ ಸಿಟ್ಟು ನೆತ್ತಿಗೇರಿತು.

“ಬಂದಾಗಿಂದ ಹಿಂಗ ಐತ್ರಿ ಅಕ್ಕಾರ,” ಎಂದ ಮೌನಪ್ಪ. “ನೀವು ಬ್ಯಾರೆದು ಹಾಕಿದ್ರೂ ನಿಲ್ಲಂಗಿಲ್ಲ. ನೆಟ್ ಹತ್ತಿದ ಕೂಡ್ಲೆ ಗಚ್ಚಿಬೌಲಿಯಿಂದ ಜೋಳಿಗೆಯವರದ ಇಳಸ್ಕೊಳ್ಳತೈತಿ.”

ಹಾಗೆಯೇ ಆಯಿತು. ಆಕೆ ತನ್ನದನ್ನು ಹಾಕಿಬಂದಳು. ವಾರ ತುಂಬುವುದರೊಳಗೆ ಜೋಳಿಗೆಯವರದು ಮತ್ತೆ ಬಂದು ಕೂತಿತ್ತು.

ಅತ್ತೆಗೆ ಹೇಳಿದರೆ ನಂಬಬೇಕಲ್ಲ. ತಪ್ಪು ನಿನ್ನದಲ್ಲ, ಯಾರೋ ಪ್ರೋಗ್ರಾಂ ಕೆಡಿಸಿದ್ದಾರೆ ಎಂದು ಹರ್ಷದಾ ಬಿಡಿಸಿ ಬಿಡಿಸಿ ಹೇಳಿದಳು. ಯಮುನಾಬಾಯಿ ಎಲ್ಲ ಕೇಳಿ ನಕ್ಕರು.

“ಪೇಪರದಾಂವ ಎರಡ ಸಲ ಛಾಪಿಸ್ಯಾನ ಅಂತ ನಾ ಅಣ್ಣಗ ಹೇಳ್ತಿದ್ದೆ. ಈಗ ನೀ ನನಗ ಮಷೀನದ ತಪ್ಪಂತ ಹೇಳ್ಲಿಕ್ಕತ್ತೀದಿ,” ಎಂದರು. “ಭಾಳ ಶಾಣ್ಯಾಕಿ ಇದ್ದೀ. ನನ್ನ ಕೈಯಾಗ ಬೆಳದಾಕಿ ಅಲ್ಲೇನು.”

ಮನೆಯ ಯಂತ್ರದ ಮುಂದೆ ಕೂಡಿಸಲು ನೋಡಿದರೆ ಬೆರಳು ಮಡಚಿಕೊಂಡರು. ಈ ಸಮಾಧಾನದ ಸುಳ್ಳುಗಳನ್ನು ಹೇಳುವುದರಲ್ಲಿ ಅವರು ಪಳಗಿದವರು. ಅವರ ಮುಂದೆ ನಿಜ ಕೂಡ ಸುಳ್ಳಿನ ಹಾಗೆಯೇ ಕೇಳಿಸಿತು. ನೆನಪು ಗಟ್ಟಿಯಿದೆಯೋ ಇಲ್ಲವೋ ಎಂದು ಪರೀಕ್ಷಿಸಿಕೊಳ್ಳುವ ಮುಂಜಾನೆಯ ಮಗ್ಗಿ ನಿಲ್ಲಲಿಲ್ಲ. ಮಾತು ಕಡಿಮೆಯಾಯಿತು. ಏನಾದರೂ ಹೇಳಹೊರಟವರು, ಇದನ್ನು ಮೊದಲೇ ಹೇಳಿದ್ದೇನೋ ಏನೋ ಎಂದು ಬಾಯಿ ಮುಚ್ಚಿಕೊಳ್ಳುವರು. ಕಣ್ಣು ಹೋದಾಗಲೂ ಅಂಜದಿದ್ದ ಹೆಂಗಸು ಹೀಗೆ ಕುಗ್ಗುವುದನ್ನು ನೋಡಲು ಹರ್ಷದಾಗೆ ಆಗುತ್ತಿರಲಿಲ್ಲ.

ಆಕೆಯ ಗಂಡ ಅಮೋಲ್ ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಅವನ ಹತ್ತಿರ ಒಂದೇ ಮದ್ದು. “ನೋಟೀಸ್ ಕೊಡು,” ಎಂದ. “ನಿನ್ನ ಹೆಸರು ತೆಗೀಲಿ. ಇಲ್ಲಾಂದ್ರ ಇನ್ನ ಮ್ಯಾಲೆ ಯಾರೂ ಕೈ ಹಚ್ಚಬಾರದು ಅಂತ ಬಾಗಿಲಾ ಹಾಕು. ನೀ ಬರದದ್ದು, ನಿನ್ನ ಹಕ್ಕು.”

“ಹೆಸರ ತೆಗದ್ರ ನನ್ನ ಮಾನ ಉಳೀತದ,” ಎಂದಳು ಹರ್ಷದಾ. “ಯಾದಗಿರಿ ಮಲ್ಲಣ್ಣನ ಕಥಿ ಮುಂದ ಹೋಗ್ತದೇನು? ಬಾಗಿಲಾ ಹಾಕಿದ್ರ, ಯಾರರೆ ಛಲೋ ಮಾಡವರು ಬಂದ್ರೂ ಹೊರಗ ನಿಲ್ತಾರ.”

ತನ್ನದು ಕೆಟ್ಟಾಗ ತನ್ನ ಹೆಸರನ್ನು ಮೊದಲು ಉಳಿಸಿಕೊಳ್ಳುವವರನ್ನೇ ಆ ಊರಿನ ಗಾಜಿನ ಕಟ್ಟಡಗಳ ತುಂಬ ನೋಡಿದವರಿಗೆ, ಈಕೆ ಬೇರೆಯೇ ಮಣ್ಣಿನವಳು ಅನ್ನಿಸದಿರದು.

ತಾರ್ನಾಕದ ವಾಚನಾಲಯದಲ್ಲಿ ಕಂಡದ್ದನ್ನೆಲ್ಲ ಜೋಳಿಗೆಯವರಿಗೆ ಮೇಲ್ ಬರೆದಳು. ಎರಡು ದಿನಕ್ಕೆ ಉತ್ತರ ಬಂತು. ಜೋಳಿಗೆಯಲ್ಲಿ ಯಾವ ಪ್ರೋಗ್ರಾಮೂ ತಾನಾಗಿ ನಿಲ್ಲಬಾರದೆಂದು ನಿಯಮವಿದೆ, ಸ್ಪೇಸ್ ಕೀ ಎಲ್ಲ ಪ್ರೋಗ್ರಾಮುಗಳಲ್ಲಿ ನಿಲ್ಲಿಸುವ ಕೀ, ನಿಮ್ಮ ಪ್ರೋಗ್ರಾಮಿನಲ್ಲಿದ್ದ ದೋಷವನ್ನು ನಾವು ಸರಿಪಡಿಸಿದ್ದೇವೆ, ವಂದನೆಗಳು, ಆನಂದಕುಮಾರ. ದೋಷವಂತೆ, ಸರಿಪಡಿಸಿದರಂತೆ, ಮೇಲೆ ವಂದನೆಗಳು ಬೇರೆ. ಹರ್ಷದಾ ಖಾರವಾದ ಒಂದು ಉತ್ತರ ಬರೆದಳು. ಓದಿ ನೋಡಿದಳು. ಕಳಿಸಲಿಲ್ಲ, ಮರುದಿನ ಆಫೀಸಿನಿಂದ ನೇರ ಗಚ್ಚಿಬೌಲಿಗೆ ಆಟೋ ಹಿಡಿದಳು.

ಜೋಳಿಗೆಯ ಕಚೇರಿ ಎಂದರೆ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿದ್ದ ಕೋಣೆ. ಗೋಡೆಯುದ್ದಕ್ಕೂ ಹಳೆಯ ಕಂಪ್ಯೂಟರುಗಳನ್ನು ಪೇರಿಸಿಟ್ಟಿದ್ದರು. ನಡುವೆ ನೆಲದ ಮೇಲೆ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಬೋರ್ಡುಗಳ ಸಂದಿಯ ಕೊಳೆ ತೆಗೆಯುತ್ತಿದ್ದ ತೆಳ್ಳಗಿನ ಮನುಷ್ಯನೇ ಆನಂದಕುಮಾರ. ಹುಮನಾಬಾದ ಕಡೆಯವನು. ಹಗಲು ಒಂದು ದೊಡ್ಡ ಕಂಪನಿಯಲ್ಲಿ ಇಂಜಿನಿಯರು, ಸಂಜೆ ಇಲ್ಲಿ ಬಿಟ್ಟಿ ಚಾಕರಿ. ಜಗಳಕ್ಕೆಂದು ಸೆರಗು ಕಟ್ಟಿ ಬಂದ ಹರ್ಷದಾಗೆ ಆ ಬ್ರಷ್ಷು ನೋಡಿ ಅರ್ಧ ಸಿಟ್ಟು ಇಳಿಯಿತು. ಇವನೂ ತನ್ನ ಹಾಗೆಯೇ ಅರೆಹುಚ್ಚ.

ಆತ ಕೈ ತೊಳೆದು ನೀರು ಕೊಟ್ಟ. ಈಕೆ ಯಾರೆಂದು ತಿಳಿದ ಮೇಲೆ, “ಟೆಸ್ಟ್ ಮಾಡಿದ ಎಲ್ಲಾರೂ, ಒಂದ ವಾಕ್ಯ ಓದಿ ಹ್ಯಾಂಗ್ ಆಗಾಕತ್ತೈತಿ ಅಂದ್ರು ಮೇಡಂ,” ಎಂದ. “ನೋಡಿದ್ರ ಖರೇನ. ನಿಂತ ಬಿಡತೈತಿ. ಪ್ರತಿ ಮಾತಿಗೂ ಒತ್ತೋ ತ್ರಾಸ ವಯಸ್ಸಾದವರಿಗೆ ಯಾಕಂತ ನಾನ ಕುಂತು ಸರಿ ಮಾಡಿದೆ.”

“ಟೆಸ್ಟ್ ಮಾಡಿದವರು ಯಾರ್ರೀ?”

“ನಮ್ಮ ಹುಡುಗರು.”

“ಕಣ್ಣ ಮುಚ್ಚಿಕೊಂಡು ಮಾಡಿದ್ರೇನು?”

ಆನಂದಕುಮಾರ ಕೆಳಗಿಟ್ಟ ಬ್ರಷ್ಷನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ ಮೆಲ್ಲಗೆ, “ಒಬ್ಬರ ಸಲುವಾಗಿ ನಿಯಮ ಬಿಟ್ರ ನಾಳಿ ಎಲ್ಲಾರೂ ಬರ್ತಾರ್ರಿ,” ಎಂದ. ಅದೂ ಸುಳ್ಳಲ್ಲ. ಆತ ಹಾಕಿದ್ದ ಬೇರೆ ತೇಪೆಗಳನ್ನೂ ಹರ್ಷದಾ ಕೂತು ನೋಡಿದಳು. ಒಂದು ತೇಪೆಯಿಂದ ಹೂಂ ಬಹಳ ಹಳೆಯ, ಸಣ್ಣ ಯಂತ್ರದಲ್ಲಿಯೂ ಸರಾಗವಾಗಿ ನಡೆಯುತ್ತಿತ್ತು. “ಇದು ನನಗ ಹೊಳದಿರಲಿಲ್ಲ. ನಾನೂ ಹಾಕ್ಕೋತೇನಿ,” ಎಂದಳು. ಆತನಿಗೆ ಅದು ಹಿತವೆನಿಸಿತು, ಆದರೆ ನಿಯಮ ಬಿಡಲು ಮನಸ್ಸಾಗಲಿಲ್ಲ. ಆಕೆಯೂ ವಾದ ಬೆಳೆಸಲಿಲ್ಲ. “ಭಾನುವಾರ ನಮ್ಮನಿಗೆ ಚಹಾಕ್ಕ ಬರ್ರಿ,” ಎಂದು ಹೇಳಿ ಎದ್ದಳು.

ಭಾನುವಾರ ಆನಂದಕುಮಾರ ಉಸ್ಮಾನಿಯಾ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದ. ಯಮುನಾಬಾಯಿಯವರ ಕಾಲಿಗೆ ನಮಸ್ಕಾರ ಮಾಡಿ, ತೋರಿಸಿದಲ್ಲಿ ಕೂತ. ಹುಮನಾಬಾದದವರು, ಕಂಪ್ಯೂಟರ್ ಕೆಲಸದವರು ಎಂದಷ್ಟೇ ಹರ್ಷದಾ ಅತ್ತೆಗೆ ಹೇಳಿದಳು. ಚಹಾ ಆದ ಮೇಲೆ, “ಅತ್ಯಾ, ಬಂದವರಿಗೊಂದು ಕಥಿ ಹೇಳು,” ಎಂದಳು.

“ನನ್ನ ತಲಿ ನಂಬಿ ಕಥಿಗೆ ಕೈ ಹಾಕಲೇನು?” ಎಂದರು ಯಮುನಾಬಾಯಿ. ಹೇಳರಿ ಅಜ್ಜಿ ಎಂದು ಆತನೂ ಕೇಳಿಕೊಂಡ. ಮನೆಗೆ ಬಂದವರ ಮಾತು ತೆಗೆದುಹಾಕುವುದು ಅವರಿಂದಾಗದು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

“ಒಂದೂರಾಗ ಒಬ್ಬ ಬಳಿಗಾರ ಇದ್ದ.”

ನಿಲ್ಲಿಸಿದರು. ಆನಂದಕುಮಾರ ಕೈಕಟ್ಟಿ, ನೆಟ್ಟಗೆ ಕೂತಿದ್ದ. ಹಿರಿಯರು ಮಾತಾಡುವಾಗ ಬಾಯಿ ತೆರೆಯಬಾರದೆಂದು ಹಾಸ್ಟೆಲಿನಲ್ಲಿ ಕಲಿತು ಬೆಳೆದವನು. ಅವರು ಕಾದರು, ಇವನೂ ಕಾದ. ಫ್ಯಾನು ತಿರುಗುವುದಷ್ಟೇ ಕೇಳಿಸುತ್ತಿತ್ತು. ಹರ್ಷದಾಳ ಬಾಯಿಗೆ ಹೂಂ ಬಂದಿತ್ತು, ತಡೆದುಕೊಂಡಳು. ಆನಂದಕುಮಾರನಿಗೆ ಕಸಿವಿಸಿಯಾಯಿತು. ಪಾಪ, ಮುದುಕಿಗೆ ಮುಂದಿನದು ಮರೆತಿರಬೇಕೆಂದು ಮುಂದೆ ಬಾಗಿ, “ನೆನಪಾಗವಲ್ದೇನ್ರಿ ಅಜ್ಜಿ?” ಎಂದು ಕೇಳಿದ.

ಅತ್ತೆ ಎಲ್ಲಿ ಕುಸಿದುಬಿಡುತ್ತಾರೋ ಎಂದು ಹರ್ಷದಾ ಅರ್ಧ ಎದ್ದಳು. ಆದರೆ ಅಷ್ಟು ದಿನ ಬಾಗಿಕೊಂಡಿದ್ದ ಯಮುನಾಬಾಯಿ ನೆಟ್ಟಗಾದರು. ಶಾಲೆಯ ದನಿ ಬಂತು.

“ನೆನಪಿಲ್ಲದೇನು? ಬಳಿಗಾರ ಇದ್ದ ಅಂತ ಹೇಳೇನಿ. ನೀ ಹೂಂ ಅಂದೀಯೇನು? ನಿಮ್ಮ ಮನ್ಯಾಗ ಕಥಿ ಕೇಳೋದು ಹಿಂಗೇನು?”

ಆನಂದಕುಮಾರನಿಗೆ ತನ್ನ ಅಜ್ಜಿ ನೆನಪಾದಳು. ಅವನ ಅಜ್ಜಿ ಬಂಡೆಮ್ಮ, ಜೋಳದ ಹಿಟ್ಟು ಜರಡಿ ಹಿಡಿಯುತ್ತ ಕಥೆ ಹೇಳುವಾಗ, ಹೂಂ ಅನ್ನದಿದ್ದರೆ ಜರಡಿಯ ಅಂಚಿನಿಂದ ತಲೆಗೆ ಮೊಟಕುತ್ತಿದ್ದಳು. ಅದು ಹೇಗೆ ಮರೆತುಹೋಗಿತ್ತೋ. ಆತ ಹರ್ಷದಾಳ ಮುಖ ನೋಡಿದ.

“ಹೂಂ,” ಎಂದ ಆನಂದಕುಮಾರ.

ಬಳೆಗಾರ ಊರೂರು ತಿರುಗಿದ. ಹೂಂ. ಬಳೆ ಕೊಳ್ಳದ ಒಬ್ಬ ಹೆಣ್ಣುಮಗಳ ಮನೆ ಮುಂದೆ ನಿಂತ. ಹೂಂ. ಯಮುನಾಬಾಯಿ ಎಲ್ಲಿಯೂ ತಡವರಿಸದೆ, ಒಂದು ಬಳೆಯ ಬಣ್ಣವನ್ನೂ ಬಿಡದೆ ಕಥೆ ಮುಗಿಸಿದರು. ಮುಗಿದ ಮೇಲೆ ಆನಂದಕುಮಾರ ಕುರ್ಚಿ ಬಿಟ್ಟು ಅವರ ಹತ್ತಿರ ನೆಲದ ಮೇಲೆ ಕೂತ.

“ಬಾಯಾರ, ವಾಚನಾಲಯದ ಮಷೀನಿನ್ಯಾಗ ಹೂಂ ಕಿತ್ತು ಹಾಕಿದಾಂವ ನಾನ್ರಿ,” ಎಂದ. “ಒತ್ತಿದ್ರ ನಿಲ್ಲೂವಂಗ ಮಾಡಿದ್ದೂ ನಾನ. ಮತ್ತ ಮೊದಲಿಂದ ಶುರು ಆಗೂವಂಗ ಮಾಡಿದ್ದೂ ನಾನ.”

ಯಮುನಾಬಾಯಿ ಅವನ ದನಿಯ ಕಡೆ ಮುಖ ತಿರುಗಿಸಿದರು. “ಹರ್ಷಿ ಹೇಳಿಕೊಟ್ಟಾಳೇನು ನಿನಗ?”

“ಇಲ್ರಿ.”

“ಹಂಗಾದ್ರ ಯಾಕ ಕಿತ್ತಿ?”

“ಈಗ ನಿಮ್ಮನ್ನ ಕೇಳಿದೆನಲ್ರಿ, ನೆನಪಾಗವಲ್ದೇನು ಅಂತ,” ಎಂದ ಆನಂದಕುಮಾರ ತಲೆ ತಗ್ಗಿಸಿ. “ಹಂಗ. ಸುಮ್ಮನ ನಿಂತದ್ದು ನೋಡಿ ಕೆಟ್ಟೈತಿ ಅಂತ ತಿಳಕೊಂಡೆ.”

ಸಮಾಧಾನ ಮಾಡಲು ಬಂದವನು ಇಂಥ ಮಾತು ಆಡಲಾರ. ಇದನ್ನು ಯಾರೂ ಹೇಳಿಕೊಡಲಾರರು. ತನ್ನ ತಲೆಯೂ ಕೆಟ್ಟಿದೆ ಎಂದು ಈತ ಈಗಷ್ಟೇ ಅಂದುಕೊಂಡಿದ್ದನೆಂಬುದು ಯಮುನಾಬಾಯಿಗೆ ಚೆನ್ನಾಗಿ ಗೊತ್ತಿತ್ತು. ತಾನು ಕೆಟ್ಟಿರಲಿಲ್ಲವೆಂಬುದೂ ಗೊತ್ತಿತ್ತು. ಅವರು ಕೈ ಚಾಚಿ ಅವನ ತಲೆ ಹುಡುಕಿ, ಬಂಡೆಮ್ಮನ ಹಾಗೆಯೇ, ಆದರೆ ಮೆತ್ತಗೆ, ಒಂದು ಮೊಟಕು ಮೊಟಕಿದರು.

“ಹರ್ಷೀ,” ಎಂದರು, “ಹತ್ತೊಂಬತ್ತರ ಮಗ್ಗಿ ಸುಳ್ಳ ದಂಡ ಆತಲ್ಲ.” ಹರ್ಷದಾ ಅಡುಗೆಮನೆಗೆ ಹೋಗಿ, ಯಾರಿಗೂ ಕೇಳಿಸದ ಹಾಗೆ ಅತ್ತು ಬಂದಳು.

ಜೋಳಿಗೆಯವರು ಆ ತೇಪೆ ತೆಗೆದರು. ಕಾಯುವುದೇ ಕೆಲಸವಾಗಿರುವ ಪ್ರೋಗ್ರಾಮುಗಳಿಗೆ ಆ ನಿಯಮ ತಾಗದೆಂದು ಆನಂದಕುಮಾರ ತನ್ನ ಗುಂಪಿನವರೊಡನೆ ವಾದಿಸಿ ಒಪ್ಪಿಸಿದ. ಬರೆದವರನ್ನು ಕೇಳದೆ ಕೈ ಹಚ್ಚುವುದಿಲ್ಲವೆಂದೂ ಗೊತ್ತುಮಾಡಿಕೊಂಡರು. ಹರ್ಷದಾ ತನ್ನ ಕಡೆಯಿಂದ, ಯಂತ್ರ ಕಾಯುವಾಗ ಅದು ಕೆಟ್ಟು ನಿಂತಿಲ್ಲವೆಂದು ತಿಳಿಯಲು ಸಣ್ಣದೊಂದು ಸದ್ದು ಸೇರಿಸಿದಳು. ಯಾಕೆ ಕಾಯುತ್ತದೆ ಎಂಬುದನ್ನು ಒಳಗಿನ ಬರಹದ ಮೊದಲಿಗೇ ಬರೆದಿಟ್ಟಳು. ಅದನ್ನು ಮೊದಲೇ ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೆಂದು ಅಮೋಲ್‌ಗೆ ತಾನೇ ಹೇಳಿದಳು. ಬೈದು ಬರೆದಿದ್ದ ಒಬ್ಬೊಬ್ಬರಿಗೂ, ಈಗ ಸರಿಹೋಗಿದೆ, ಮತ್ತೆ ಕೇಳಿ ನೋಡಿ ಎಂದು ಬರೆದಳು. ತಪ್ಪು ಯಾರದೆಂದು ಒಂದು ಪತ್ರದಲ್ಲಿಯೂ ಬರೆಯಲಿಲ್ಲ. ಯಾದಗಿರಿಯ ಮಲ್ಲಣ್ಣ ಗೋಡೆ ಬಿಟ್ಟು ಈಚೆಗೆ ತಿರುಗಿದ ಸುದ್ದಿ ಮುಂದಿನ ತಿಂಗಳು ಬಂತು.

ಅದಕ್ಕೂ ಮೊದಲೇ ಒಂದು ಸಂಜೆ ಯಮುನಾಬಾಯಿ ತಾವಾಗಿ, “ವಾಚನಾಲಯಕ್ಕ ಹೋಗೋಣ ನಡೀ,” ಎಂದಿದ್ದರು. ಅವತ್ತು ಇದ್ದವರೇ ಇವತ್ತೂ ಇದ್ದರು. ಮೌನಪ್ಪ ಯಂತ್ರ ಹಚ್ಚಿದ. ಯಮುನಾಬಾಯಿ ಕುರ್ಚಿ ತಡವಿ ಕೂತು, ಉದ್ದನೆಯ ಕೀ ಹುಡುಕಿ ಅದರ ಮೇಲೆ ಬೆರಳಿಟ್ಟರು. ಯಂತ್ರ ಮೊದಲ ಮಾತು ಓದಿತು.

ಯಮುನಾಬಾಯಿ ಬೆರಳು ಎತ್ತಿದರು. ಎತ್ತಿ, ಹಾಗೆಯೇ ಹಿಡಿದುಕೊಂಡು ಕೂತರು. ಯಂತ್ರ ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ, ಕಾಯುವ ಸಣ್ಣ ಸದ್ದು ಮಾಡುತ್ತ ನಿಂತಿತು. ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಗೂಬಾಯಿಗೆ ತಡೆಯಲಾಗಲಿಲ್ಲ.

“ಬಾಯಾರ, ನಿಂತ ಬಿಟ್ಟೇತಲ್ರಿ,” ಎಂದಳು.

“ನಿಲ್ಲಲಿ, ಗಂಗೂ,” ಎಂದರು ಯಮುನಾಬಾಯಿ. “ನಾ ಇನ್ನೂ ಹೂಂ ಅಂದಿಲ್ಲ.”